ಬಿಸಿಲುನಾಡಿನ ಕತ್ತಲೆಕೋಣೆ: ಫಿಲ್ಮು ಯಾವುದು, ಡೆವಲಪರು ಯಾವುದು?

ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಅದರ ಹಿನ್ನೀರು ಏರಿದಂತೆ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ನೀರೊಳಗಾದುವು. ಈಗ ನೀರು ನಿಲ್ಲುವ ಮಟ್ಟ 519.60 ಮೀಟರು. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಅವಕಾಶ ಕೊಟ್ಟಿತು. ಹಾಗೆ ಏರಿದ ದಿನ ಇನ್ನಷ್ಟು ಮನೆ, ಗುಡಿ, ಹೊಲಗಳು ಕಣ್ಮರೆಯಾಗುವುವು. ಅಂಥ ಊರಿನ ಅಗಸೆಯನ್ನೋ ಹನುಮಪ್ಪನ ಗುಡಿಯ ಕಟ್ಟೆಯನ್ನೋ ಮೊಮ್ಮಕ್ಕಳ ಕಾಲಕ್ಕೂ ಉಳಿಸಬೇಕೆನ್ನುವವರಿಗೆ ಬೆಳ್ಳಿಯ ನೆಗೆಟಿವಿನಂಥ ಸಾಧನ ಇನ್ನೊಂದಿಲ್ಲ. ಸರಿಯಾಗಿ ತೊಳೆದು ತಂಪಾದ ಒಣ ಜಾಗದಲ್ಲಿಟ್ಟರೆ ಅದು ನೂರು ವರ್ಷ ಬಾಳಬಲ್ಲುದು. ನೋಡಲು ಯಾವ ಯಂತ್ರವೂ ಬೇಡ, ಬೆಳಕಿಗೆ ಹಿಡಿದರೆ ಸಾಕು.

ಆದರೆ ಒಂದು ತೊಡಕುಂಟು. ಫಿಲ್ಮಿನೊಡನೆ ಬರುವ ಸೂಚನೆಗಳೆಲ್ಲ 20 ಅಂಶ ಸೆಂಟಿಗ್ರೇಡಿನ ನೀರನ್ನು ಮೂಲವಾಗಿ ಹಿಡಿದು ಬರೆದವು. ಏಪ್ರಿಲ್ ತಿಂಗಳ ಮಧ್ಯಾಹ್ನ ಜಮಖಂಡಿಯಲ್ಲಿ ನಲ್ಲಿ ತಿರುಗಿಸಿದವರಿಗೆ ಆ 20 ಅಂಶವು ಎಷ್ಟು ದೂರದ ಮಾತೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ನಮ್ಮ ಸೀಮೆಯಲ್ಲಿ ಫಿಲ್ಮು ಮತ್ತು ಡೆವಲಪರಿನ ಆಯ್ಕೆ ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಅದು ಶಾಖದ ಪ್ರಶ್ನೆ, ನೀರಿನ ಪ್ರಶ್ನೆ.

ಫಿಲ್ಮೆಂದರೆ ಜಿಲೆಟಿನ್ನಿನ ತೆಳುಪದರದಲ್ಲಿ ಹುದುಗಿಸಿದ ಬೆಳ್ಳಿಯ ಬ್ರೋಮೈಡಿನ ಹರಳುಗಳು. ಬೆಳಕು ತಾಗಿದ ಹರಳಿನ ಮೇಲೆ ಬೆಳ್ಳಿಯ ಕೆಲವೇ ಪರಮಾಣುಗಳು ಒಟ್ಟುಗೂಡುತ್ತವೆ. ಇದೇ ಸುಪ್ತಬಿಂಬ, ಕಣ್ಣಿಗೆ ಕಾಣಿಸದು. ಡೆವಲಪರು ಆ ಗುರುತುಳ್ಳ ಹರಳನ್ನು ಹುಡುಕಿ ಇಡಿಯಾಗಿ ಬೆಳ್ಳಿಯನ್ನಾಗಿ ಮಾರ್ಪಡಿಸುತ್ತದೆ, ಗುರುತಿಲ್ಲದ ಹರಳನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಬೆಳಕು ಮಾಡಿದ ಕೆಲಸ ಹೀಗೆ ಸುಮಾರು ನೂರು ಕೋಟಿ ಪಟ್ಟು ಹಿಗ್ಗುತ್ತದೆ. ಹರಳು ದೊಡ್ಡದಾದಷ್ಟೂ ಬೆಳಕಿಗೆ ಬೇಗ ಓಗೊಡುತ್ತದೆ. ಅಷ್ಟೇ ಒರಟಾಗಿ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ವೇಗದ ಫಿಲ್ಮಿನಲ್ಲಿ ಕಣ ಹೆಚ್ಚು, ನಿಧಾನದ ಫಿಲ್ಮಿನಲ್ಲಿ ನಯ ಹೆಚ್ಚು ಎಂಬ ಮಾತಿನ ಮೂಲ ಇಲ್ಲಿದೆ.

ಈಗ ನಮ್ಮ ಸೀಮೆಯ ಬೆಳಕನ್ನು ಅಳೆಯೋಣ. ನಿರಭ್ರವಾದ ಬಿಸಿಲಿನಲ್ಲಿ ಎಫ್/16 ಕಿಂಡಿಗೆ ಫಿಲ್ಮಿನ ವೇಗದಷ್ಟನೆಯ ಒಂದು ಸೆಕೆಂಡು ಸಾಕೆಂಬುದು ಹಳೆಯ ಲೆಕ್ಕ. ಇಲ್ಫರ್ಡಿನ ಎಫ್‌ಪಿ4 ಪ್ಲಸ್ ಫಿಲ್ಮಿನ ವೇಗ 125. ಬೀಳಗಿಯ ಬಯಲಿನಲ್ಲಿ ಅದಕ್ಕೆ 1/125 ಸೆಕೆಂಡು ಧಾರಾಳವಾಯಿತು. ಗುಡಿ, ಕಟ್ಟಡ, ಹೊಲಗಳಿಗೆ ಇಂಥ ನಿಧಾನದ ಫಿಲ್ಮೇ ತಕ್ಕದ್ದು. ಮುಧೋಳದ ನಾಯಿ ಮೊಲದ ಬೆನ್ನಟ್ಟುವಂತೆ ಓಡುವಾಗ 1/1000 ಸೆಕೆಂಡು ಬೇಕಾದೀತು. ಆಗ 400 ವೇಗದ ಎಚ್‌ಪಿ5 ಪ್ಲಸ್ ಅಥವಾ ಟ್ರೈ-ಎಕ್ಸ್ ಇದ್ದರೆ ಎಫ್/11ರಲ್ಲಿ ನಿರಾತಂಕವಾಗಿ ತೆಗೆಯಬಹುದು. (2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ ಈ ನಾಯಿ ಕ್ಯಾಮರಾದೆದುರು ಸುಮ್ಮನೆ ನಿಲ್ಲುವ ಜಾತಿಯದಲ್ಲ.) ರಬಕವಿ-ಬನಹಟ್ಟಿಯ ನೇಕಾರರ ಮನೆಯನ್ನು ಹೊಕ್ಕರೆ ಲೆಕ್ಕವೇ ಬೇರೆ. ಮಗ್ಗದ ಬಳಿಯ ಮಬ್ಬಿನಲ್ಲಿ 400 ವೇಗದ ಫಿಲ್ಮಿಗೂ ಎಫ್/2.8ರಲ್ಲಿ 1/30 ಸೆಕೆಂಡು ಬೇಕಾಗುವುದುಂಟು. ಎರಡನ್ನೂ ಹೋಲಿಸಿ ನೋಡಿದರೆ ಹೊರಗಿನ ಬೆಳಕು ಒಳಗಿನದಕ್ಕಿಂತ ಸುಮಾರು ಐದುನೂರು ಪಟ್ಟು ಹೆಚ್ಚು. ತೆರೆದ ಬಾಗಿಲೂ ಮಗ್ಗದ ಹಿಂದಿನ ನೇಕಾರರ ಮುಖವೂ ಒಂದೇ ಚಿತ್ರದಲ್ಲಿ ಬರಬೇಕೆಂದರೆ ಫಿಲ್ಮೊಂದರಿಂದಲೇ ಆಗದು, ಡೆವಲಪರೂ ಕೈಗೂಡಿಸಬೇಕು. ನೆರಳಿಗೆ ಸಾಲುವಷ್ಟು ಬೆಳಕು ಕೊಟ್ಟು, ಡೆವಲಪಿಂಗಿನ ಕಾಲವನ್ನು ಐದನೆಯ ಒಂದು ಪಾಲು ಇಳಿಸುವುದು ನಮ್ಮ ಪದ್ಧತಿ. ನೆರಳಿನ ವಿವರ ಬಹುಪಾಲು ಬೆಳಕು ಕೊಟ್ಟಾಗಲೇ ನಿರ್ಧಾರವಾಗಿರುತ್ತದೆ. ಕಾಲ ಇಳಿಸಿದರೆ ತಗ್ಗುವುದು ಮುಖ್ಯವಾಗಿ ಬಾಗಿಲಿನ ಕಣ್ಣು ಕುಕ್ಕುವ ಹೊಳಪು.

ಬಣ್ಣದ ವಿಷಯವಾಗಿಯೂ ಒಂದು ಮಾತು. ಹಳೆಯ ಮದುವೆಯ ಚಿತ್ರಗಳಲ್ಲಿ ಮುತ್ತೈದೆಯರ ಕುಂಕುಮವು ಕಾಡಿಗೆಯಷ್ಟು ಕಪ್ಪಾಗಿರುವುದನ್ನು ಓದುಗರು ಕಂಡಿರಬಹುದು. ಕೆಂಪು ಬೆಳಕನ್ನು ಅರಿಯದ ಆರ್ಥೊಕ್ರೊಮ್ಯಾಟಿಕ್ ಜಾತಿಯ ಫಿಲ್ಮಿನಲ್ಲಿ ಹೀಗಾಗುತ್ತದೆ. ಇಂದು ಸಾಮಾನ್ಯವಾಗಿ ದೊರೆಯುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಎಲ್ಲ ಬಣ್ಣಗಳನ್ನೂ ಗ್ರಹಿಸುತ್ತದೆ; ಆದರೆ ಅದರಲ್ಲಿ ಹಸಿರು ಸೀರೆಯೂ ಅದರ ಕೆಂಪು ದಡಿಯೂ ಒಂದೇ ಬೂದುಬಣ್ಣಕ್ಕೆ ತಿರುಗುವುದುಂಟು. ಲೆನ್ಸಿಗೆ ಹಸಿರು ಗಾಜು ತೊಡಿಸಿದರೆ ದಡಿ ಕಪ್ಪಾಗಿ ಬೇರೆಯಾಗುತ್ತದೆ. ಬನಹಟ್ಟಿಯಲ್ಲಿ ಸೀರೆಯ ಚಿತ್ರ ತೆಗೆಯುವವರಿಗೆ ಈ ಗಾಜು ಎರಡನೆಯ ಲೆನ್ಸಿಗಿಂತ ಹೆಚ್ಚು ಉಪಕಾರಿ.

ನಮ್ಮ ದೇಶದ್ದೇ ಆದ ಫಿಲ್ಮು ಒಂದಿತ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆಯು ‘ಇಂದು’ ಎಂಬ ಹೆಸರಿನಲ್ಲಿ ಅದನ್ನು ತಯಾರಿಸುತ್ತಿತ್ತು. ಆ ಇಂದು ಈಗ ಅಸ್ತಂಗತ. ಈಗಿನ ಫಿಲ್ಮು ಪರದೇಶದಿಂದ ಬರತಕ್ಕದ್ದು, ಬೆಲೆಯೂ ಕಡಿಮೆಯಲ್ಲ. ಒಂದು ಸುರುಳಿ ಕೆಟ್ಟರೆ ಹಣದೊಡನೆ, ಮತ್ತೆ ಸಿಗಲಾರದ ದೃಶ್ಯವೂ ಹೋದಂತೆ.

ಇನ್ನು ಡೆವಲಪರು. ಕೊಡಕ್ ಸಂಸ್ಥೆಯಲ್ಲಿ 1920ರ ದಶಕದಲ್ಲಿ ಸಿದ್ಧವಾದ ಡಿ-76 ಇಂದಿಗೂ ಎಲ್ಲರ ಅಳತೆಗೋಲು. ಇಲ್ಫರ್ಡಿನ ಐಡಿ-11 ಅದರ ಒಡಹುಟ್ಟು. ಒಂದು ಲೀಟರಿಗೆ ಮೆಟಾಲು 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟು 100 ಗ್ರಾಂ, ಹೈಡ್ರೊಕ್ವಿನೋನು 5 ಗ್ರಾಂ, ಬೊರಾಕ್ಸು 2 ಗ್ರಾಂ: ಇಷ್ಟೇ ಅದರ ಪಾಕ. ಮೆಟಾಲೂ ಹೈಡ್ರೊಕ್ವಿನೋನೂ ಕೂಡಿದಾಗ ಎರಡರ ಬಿಡಿ ಕೆಲಸಗಳ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಸಲ್ಫೈಟು ಗಾಳಿಯ ಆಮ್ಲಜನಕದಿಂದ ಅವನ್ನು ಕಾಯುತ್ತದೆ, ಹರಳುಗಳ ಅಂಚನ್ನು ತುಸು ಕರಗಿಸಿ ಕಣಗಳನ್ನು ನಯಗೊಳಿಸುತ್ತದೆ. ಬೊರಾಕ್ಸು ಬೇಕಾದಷ್ಟು ಕ್ಷಾರವನ್ನು ಒದಗಿಸುತ್ತದೆ. ಮನೆಯಲ್ಲಿ ಬೆರೆಸುವವರು ಚಿಟಿಕೆ ಸಲ್ಫೈಟಿನ ಬೆನ್ನಿಗೆ ಮೆಟಾಲನ್ನು ಮೊದಲು ಕರಗಿಸಬೇಕು. ಸಲ್ಫೈಟು ಪೂರ್ತಿ ಬಿದ್ದ ನೀರಿನಲ್ಲಿ ಮೆಟಾಲು ಕರಗಲೊಲ್ಲದು.

1891ರಿಂದ ಬಳಕೆಯಲ್ಲಿರುವ ಆಗ್ಫಾದ ರೊಡಿನಾಲ್ ಇನ್ನೊಂದು ಬಗೆ. ಅದರಲ್ಲಿ ಕಣ ಎದ್ದು ಕಾಣುತ್ತದೆ, ಅಂಚುಗಳು ಹರಿತವಾಗುತ್ತವೆ. ಅದರ ದೊಡ್ಡ ಗುಣವೆಂದರೆ ಬಾಳಿಕೆ. ಡಿ-76ರ ದ್ರಾವಣ ಅರ್ಧ ತುಂಬಿದ ಸೀಸೆಯಲ್ಲಿ ಎರಡು ತಿಂಗಳು ನಿಂತರೆ ಹೆಚ್ಚು, ನಮ್ಮ ಬೇಸಗೆಯಲ್ಲಿ ಇನ್ನೂ ಕಡಿಮೆ. ರೊಡಿನಾಲ್ ವರ್ಷಗಟ್ಟಲೆ ಕೆಡದು. ಬೇಕಾದಾಗ 50 ಪಾಲು ನೀರಿಗೆ ಒಂದು ಪಾಲು ಬೆರೆಸಿದರೆ ಆಯಿತು. ಆರು ತಿಂಗಳಿಗೆ ಎರಡು ಸುರುಳಿ ತೊಳೆಯುವವರಿಗೆ, ನಿಧಾನದ ಫಿಲ್ಮು ಬಳಸುವವರಿಗೆ, ನಾವು ಇದನ್ನೇ ಹೇಳುತ್ತೇವೆ. ತಿಂಗಳಿಗೆ ನಾಲ್ಕಾರು ಸುರುಳಿಯುಳ್ಳವರಿಗೂ ಮಗ್ಗದ ಮನೆಯೊಳಗೆ ಕೆಲಸ ಮಾಡುವವರಿಗೂ ಡಿ-76.

ಶಾಖದ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ. ನೀರು ಒಂದು ಅಂಶ ಬಿಸಿಯಾದರೆ ಡೆವಲಪಿಂಗಿನ ಕಾಲ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯಬೇಕು. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11ರ ಗಟ್ಟಿ ದ್ರಾವಣದಲ್ಲಿ 20 ಅಂಶಕ್ಕೆ ಏಳೂವರೆ ನಿಮಿಷ. 28 ಅಂಶಕ್ಕೆ ಲೆಕ್ಕ ಹಾಕಿದರೆ ಮೂರು ನಿಮಿಷದ ಸುತ್ತಮುತ್ತ ಬರುತ್ತದೆ. ಐದು ನಿಮಿಷದೊಳಗೆ ಮುಗಿಯುವ ಡೆವಲಪಿಂಗು ನಂಬಲರ್ಹವಲ್ಲ; ದ್ರಾವಣವನ್ನು ಹುಯ್ಯುವುದರಲ್ಲಿ, ಬಸಿಯುವುದರಲ್ಲಿ ಹೋಗುವ ಅರ್ಧ ನಿಮಿಷವೇ ಆಕಾಶದಲ್ಲಿ ಪಟ್ಟೆಗಳನ್ನು ಮೂಡಿಸೀತು. ಅದೇ ದ್ರಾವಣಕ್ಕೆ ಸಮಪಾಲು ನೀರು ಬೆರೆಸಿದರೆ 20 ಅಂಶದ ಕಾಲ 13 ನಿಮಿಷ. 28 ಅಂಶಕ್ಕೆ ಅದು ಐದೂವರೆ, 26 ಅಂಶಕ್ಕೆ ಏಳು. ನೀರು ಬೆರೆಸುವುದು ಬರಿಯ ಮಿತವ್ಯಯವೆಂದು ಕೆಲವರು ಎಣಿಸುತ್ತಾರೆ. ಸೆಕೆಯ ನಾಡಿನಲ್ಲಿ ಅದು ಕಾಲವನ್ನು ಕೊಂಡುಕೊಳ್ಳುವ ಉಪಾಯ.

ನಮ್ಮ ಸಲಹೆಯಿಷ್ಟೆ: 20 ಅಂಶದ ಹಂಬಲ ಬಿಟ್ಟು 26 ಅಂಶವನ್ನೇ ವರ್ಷವಿಡೀ ಮಾನಕವಾಗಿ ಹಿಡಿಯಬೇಕು. ಇದಕ್ಕೆ ಭೌತಶಾಸ್ತ್ರದ ಆಧಾರವಿದೆ. ಬೇಸಗೆಯ ಗಾಳಿ 38 ಅಂಶವಿದ್ದು ತೇವಾಂಶ ನೂರಕ್ಕೆ 25 ಇದ್ದರೆ, ಆವಿಯಾಗುವಿಕೆಯಿಂದ ನೀರು ತತ್ತ್ವತಃ ಸುಮಾರು 22 ಅಂಶದವರೆಗೆ ತಣಿಯಬಹುದು. ಮಣ್ಣಿನ ಗಡಿಗೆ ಅಷ್ಟು ಕೆಳಗಿಳಿಯದಿದ್ದರೂ 26ರ ಸಮೀಪಕ್ಕೆ ಬರುತ್ತದೆ. ಮಳೆಗಾಲದಲ್ಲಿ ಗಡಿಗೆ ಅಷ್ಟಾಗಿ ತಣಿಸದು. ಆದರೆ ಆಗ ಗಾಳಿಯೇ ತಂಪು. ಚಳಿಗಾಲದಲ್ಲಿ ಒಂದು ತಂಬಿಗೆ ಬಿಸಿನೀರು ಸಾಕು. ಮಂಜುಗಡ್ಡೆಯನ್ನು ಬಳಸುವವರು ಡೆವಲಪರಿನೊಳಗೆ ಹಾಕದೆ ಹೊರಗಿನ ಬೋಗುಣಿಯಲ್ಲಿಡಬೇಕು. ಡೆವಲಪರು, ಹೈಪೊ, ತೊಳೆಯುವ ನೀರು ಎಲ್ಲವೂ ಒಂದೇ ಶಾಖದಲ್ಲಿರುವುದು ಅತ್ಯವಶ್ಯ. ಬಿಸಿಯಲ್ಲಿ ಉಬ್ಬಿದ ಜಿಲೆಟಿನ್ನು ತಣ್ಣೀರಿಗೆ ಬಿದ್ದರೆ ಸುಕ್ಕಾಗಿ, ಬೇಸಗೆಯಲ್ಲಿ ಬಿರಿದ ಎರೆಹೊಲದಂತೆ ಬಲೆ ಬಲೆಯಾಗುತ್ತದೆ, ಮತ್ತೆ ಸರಿಹೋಗದು. ಹಿಂದಿನವರು 30 ಅಂಶದ ಸೆಕೆಯಲ್ಲಿ ಲೀಟರಿಗೆ 50ರಿಂದ 100 ಗ್ರಾಂ ಸೋಡಿಯಂ ಸಲ್ಫೇಟನ್ನು ಡೆವಲಪರಿಗೆ ಬೆರೆಸಿ ಈ ಉಬ್ಬನ್ನು ತಡೆಯುತ್ತಿದ್ದರು, ಆಮೇಲೆ ಕ್ರೋಮ್ ಪಟಿಕದಲ್ಲಿ ಅದ್ದುತ್ತಿದ್ದರು. ಹೆಸರಾಂತ ಫಿಲ್ಮುಗಳ ಜಿಲೆಟಿನ್ನನ್ನು ಈಗ ಕಾರ್ಖಾನೆಯಲ್ಲಿಯೇ ಗಟ್ಟಿಗೊಳಿಸಿರುವುದರಿಂದ 26 ಅಂಶದಲ್ಲಿ ಇದಾವುದೂ ಬೇಕಾಗದು.

ನೀರಿನ ವಿಷಯ ಚಿಕ್ಕದಲ್ಲ. ಮುಧೋಳದ ಲೋಕಾಪುರ ಭಾಗದಲ್ಲಿ ನೆಲದಡಿ ಇರುವುದು ಕಲಾದಗಿ ಶ್ರೇಣಿಯ ಸುಣ್ಣಗಲ್ಲು. ಸಿಮೆಂಟಿಗೆ ಒಳ್ಳೆಯದು, ಡೆವಲಪರಿಗಲ್ಲ. ಕೊಳವೆಬಾವಿಯ ಗಡಸುನೀರಿನ ಸುಣ್ಣವು ಡೆವಲಪರಿನಲ್ಲಿ ಮಡ್ಡಿಯಾಗಿ ಇಳಿದು ಫಿಲ್ಮಿಗೆ ಅಂಟುತ್ತದೆ. ನೀರನ್ನು ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಂಡರೆ ಒಂದು ಭಾಗ ಹೋಗುತ್ತದೆ. ಬ್ಯಾಟರಿಗೆ ಮಾರುವ ಬಟ್ಟಿಯಿಳಿಸಿದ ನೀರು ಸಿಕ್ಕರೆ ಡೆವಲಪರಿಗೂ ಕೊನೆಯ ಅದ್ದಿಕೆಗೂ ಅದೇ ಲೇಸು. ನಡುವಣ ತೊಳೆತಕ್ಕೆ ಊರ ನೀರು ಸಾಕು. ಅದನ್ನೂ ಅರ್ಧ ಗಂಟೆ ಹರಿಯಬಿಡಬೇಕಾಗಿಲ್ಲ. ಗಟ್ಟಿಗೊಳಿಸದ ಫಿಕ್ಸರನ್ನು ಬಳಸಿದ್ದರೆ, ಡಬ್ಬಿ ತುಂಬಿ ಐದು ಸಲ ಮಗುಚಿ ಚೆಲ್ಲಬೇಕು, ಮತ್ತೆ ತುಂಬಿ ಹತ್ತು ಸಲ, ಇನ್ನೊಮ್ಮೆ ಇಪ್ಪತ್ತು ಸಲ. ಇಲ್ಫರ್ಡಿನವರು ಹೇಳಿಕೊಟ್ಟ ಈ ಕ್ರಮಕ್ಕೆ ಮೂರು ಡಬ್ಬಿ ನೀರು ಸಾಕು. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಗಳಿಗೆ ಹೇಳಿ ಮಾಡಿಸಿದಂತಿದೆ. ತೊಳೆತ ಮಾತ್ರ ತಪ್ಪಬಾರದು: ಉಳಿದ ಹೈಪೊ ಬೆಳ್ಳಿಯನ್ನು ನಿಧಾನವಾಗಿ ಸಲ್ಫೈಡಾಗಿಸಿ ಚಿತ್ರವನ್ನು ಹಳದಿಗಟ್ಟಿಸುತ್ತದೆ.

ಒಣಗಿಸುವಾಗ ಬನಹಟ್ಟಿಯವರಿಗೆ ಇನ್ನೊಂದು ವೈರಿಯುಂಟು, ಮಗ್ಗದಿಂದೇಳುವ ಅರಳೆಯ ಧೂಳು. ಒಣಗುತ್ತಿರುವ ಫಿಲ್ಮು ವಿದ್ಯುದಾವೇಶ ಪಡೆದು ಅದನ್ನು ಸೆಳೆದುಕೊಳ್ಳುತ್ತದೆ. ಬಚ್ಚಲಮನೆಯಲ್ಲಿ ಬಿಸಿನೀರು ಚೆಲ್ಲಿ ಹಬೆಯೆಬ್ಬಿಸಿ, ಧೂಳು ನೆಲಕ್ಕಿಳಿದ ಬಳಿಕ ಫಿಲ್ಮನ್ನು ಅಲ್ಲಿ ತೂಗುಹಾಕಿ ಬಾಗಿಲು ಮುಚ್ಚಬೇಕು, ಪಂಖ ಬೇಡ. ಒಣಗಿದ ಮೇಲೆ ಆರಾರು ಚಿತ್ರಗಳ ತುಂಡುಗಳಾಗಿ ಕತ್ತರಿಸಿ, ಕಾಗದದ ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ಊರಿನ ಹೆಸರು, ಓಣಿ, ದಿನಾಂಕಗಳನ್ನು ಪೆನ್ಸಿಲಿನಿಂದ ಬರೆಯತಕ್ಕದ್ದು. ಶಾಯಿ ತೇವಕ್ಕೆ ಹರಡುತ್ತದೆ.