ಟೆರೇಸಿನ ಮೇಲೊಂದು ಬಸಳೆ ಚಪ್ಪರ

ಮುಂಬಯಿ: ಆಟಿ ತಿಂಗಳು ಬಂತೆಂದರೆ ಮಹಾನಗರ ಹಾಗೂ ಉಪನಗರಗಳ ತುಳು-ಕನ್ನಡ ಸಂಘಟನೆಗಳ ಮಹಿಳಾ ವಿಭಾಗದವರಿಗೆ ಬಿಡುವೆಂಬುದೇ ಇಲ್ಲ. ಒಂದು ಭಾನುವಾರ ಇಲ್ಲಿ, ಮತ್ತೊಂದು ಭಾನುವಾರ ಅಲ್ಲಿ ಎಂಬಂತೆ 'ಆಟಿಡೊಂಜಿ ದಿನ' ಜರಗುತ್ತಲೇ ಇರುತ್ತದೆ. ದೀಪ ಪ್ರಜ್ವಲನೆ, ಭಾಷಣ, ಸನ್ಮಾನ, ನೃತ್ಯ ಎಲ್ಲ ಮುಗಿಯುವ ಹೊತ್ತಿಗೆ, ಕೆಲವರಿಗೆ ಅದಕ್ಕೂ ಮೊದಲೇ, ಎಲ್ಲರ ಕಣ್ಣು ಹೋಗುವುದು ಸಭಾಗೃಹದ ಹಿಂದಿನ ಉದ್ದದ ಮೇಜಿನ ಕಡೆಗೆ. ಪತ್ರೊಡೆ, ತಿಮರೆ ಚಟ್ನಿ, ತಜಂಕಿನ ಅಂಬಡೆ, ಬಸಳೆ ಗಸಿ, ಹಲಸಿನ ಬೀಜದ ಪದಾರ್ಥ. ಯಾರ ಮನೆಯಿಂದ ಯಾವುದು ಬಂತು ಎಂಬ ವಿಚಾರಣೆ ಅಲ್ಲಿ ಜೋರಾಗಿಯೇ ನಡೆಯುತ್ತದೆ. ಆದರೆ ಆ ಸೊಪ್ಪು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಕೇಳಿದರೆ ಸಿಗುವ ಉತ್ತರ ಮೂರು. ಒಂದು, ಊರಿನಿಂದ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಊರಿಂದ ಬರುವವರ ಚೀಲಗಳಲ್ಲಿ ಕೆಸುವಿನ ಎಲೆ, ಸೌತೆಕಾಯಿ, ಹಲಸಿನ ಹಣ್ಣು ಮುಂಬಯಿ ಸೇರುವುದು ಸುಲಭವಾಯಿತು. ಅದಕ್ಕೂ ಹಿಂದೆ ಘಟ್ಟ ಹತ್ತಿ ಬರುತ್ತಿದ್ದ ಬಸ್ಸುಗಳೇ ಗತಿ. ಎರಡು, ಮಾರ್ಕೆಟಿನಿಂದ. ಮೂರನೆಯ ಉತ್ತರ ಅಪರೂಪದ್ದು: "ನಮ್ಮದೇ ಗಿಡದ್ದು." ಈ ಮಾತು ಹೇಳುವಾಗ ಹೇಳುವವರ ಧ್ವನಿ ಸ್ವಲ್ಪ ಏರುತ್ತದೆ. ಏರಬೇಕಾದ್ದೇ.

ಮಾರ್ಕೆಟಿನ ಸೊಪ್ಪಿಗೆ ಹೋಗುವವರಿಗೆ ಒಂದು ಮಾತು ಗೊತ್ತಿರಲಿ. ನಮ್ಮ ಸೊಪ್ಪು ಇಲ್ಲಿ ಸಿಗುವುದಿಲ್ಲ ಎಂಬ ದೂರು ಅರ್ಧ ಮಾತ್ರ ನಿಜ. ಹೆಸರು ಬೇರೆಯಾದುದರಿಂದ ಕಣ್ಣೆದುರು ಇದ್ದರೂ ಗುರುತು ಸಿಗುವುದಿಲ್ಲ ಅಷ್ಟೇ. ಮಳೆಗಾಲದಲ್ಲಿ ಉಪನಗರದ ಸ್ಟೇಶನ್ ಹೊರಗೆ ನೆಲದ ಮೇಲೆ ಗೋಣಿ ಹಾಸಿ ಕೂರುವ ಆದಿವಾಸಿ ಮಹಿಳೆಯರು ಮಾರುವ 'ಟಾಕಳಾ' ಎಂಬುದೇ ನಮ್ಮ ತಜಂಕ್. ಅವರ ಬುಟ್ಟಿಯ 'ಕರ್ಟೋಲಿ' ನಮ್ಮ ಮಡಹಾಗಲ. ಮರಾಠಿಗರ 'ಅಳು' ನಮ್ಮ ಕೆಸು. ಅವರ ಅಳೂವಡಿ ಮತ್ತು ನಮ್ಮ ಪತ್ರೊಡೆ ಅಕ್ಕತಂಗಿಯರಿದ್ದಂತೆ, ಒಬ್ಬಳಿಗೆ ಕಡಲೆಹಿಟ್ಟು, ಇನ್ನೊಬ್ಬಳಿಗೆ ಅಕ್ಕಿ. 'ಮಾಯಾಳು' ಎಂದರೆ ಬಸಳೆ, 'ಲಾಲ್ ಮಾಠ' ಎಂದರೆ ಕೆಂಪು ಹರಿವೆ.

ಸೊಪ್ಪು ಸಿಗುತ್ತದೆ ಸರಿ, ಅದು ಯಾವ ನೀರು ಕುಡಿದು ಬೆಳೆದದ್ದು ಎಂಬುದು ಮುಂದಿನ ಪ್ರಶ್ನೆ. ಲೋಕಲ್ ರೈಲಿನ ಕಿಟಕಿ ಬದಿ ಕುಳಿತವರೆಲ್ಲ ಹಳಿಯ ಪಕ್ಕದಲ್ಲಿ ಪಾಲಕ್, ಮೂಲಂಗಿ, ಬೆಂಡೆಯ ಹಸಿರು ಪಾತಿಗಳನ್ನು ವರ್ಷಾನುವರ್ಷ ಕಂಡವರೇ. ಮುಂಬಯಿಯಲ್ಲಿ ಕುಟುಂಬವೊಂದಕ್ಕೆ ತರಕಾರಿಗಾಗಿ ತುಂಡು ಭೂಮಿ ಸಿಕ್ಕ ದೊಡ್ಡ ಉದಾಹರಣೆ ಇದು. ಖಾಲಿ ಜಾಗ ಅತಿಕ್ರಮಣವಾಗದಿರಲೆಂದು ರೈಲ್ವೆ ಇಲಾಖೆಯು ಕೆಳದರ್ಜೆಯ ನೌಕರರಿಗೆ ಪರವಾನಿಗೆಯ ಮೇಲೆ ಅದನ್ನು ಕೊಡುತ್ತಿತ್ತು. ಯೋಜನೆಯ ಹೆಸರು 'ಗ್ರೋ ಮೋರ್ ಫುಡ್'. ಈ ಹೆಸರು ಯುದ್ಧಕಾಲದ್ದು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತಾಗ ದೇಶದಲ್ಲಿ ಆರಂಭಗೊಂಡ ಆಂದೋಲನದ ಹೆಸರದು. 1943ರಲ್ಲಿ ಮುಂಬಯಿಗೆ ರೇಶನ್ ಬಂತು. ಹಳಿ ಬದಿಯ ಪಾತಿಗಳ ಬಗ್ಗೆ ಪದೇಪದೇ ಬಂದ ಆಕ್ಷೇಪವೆಂದರೆ ಗಟಾರದ ನೀರು. ಕೊಳಚೆ ನೀರಿನಲ್ಲಿ ಸೀಸ, ಕ್ಯಾಡ್ಮಿಯಂನಂತಹ ಲೋಹಗಳಿದ್ದರೆ ಸೊಪ್ಪು ತರಕಾರಿಗಳು ಅದನ್ನು ಹೀರಿಕೊಂಡು ಎಲೆಯಲ್ಲಿ ಇಟ್ಟುಕೊಳ್ಳುತ್ತವೆ. ಎಷ್ಟು ತೊಳೆದರೂ ಹೋಗುವಂಥದ್ದಲ್ಲ ಅದು.

ಹಾಗಿದ್ದರೆ ಸ್ವಂತ ಜಾಗ ಎಲ್ಲಿದೆ? ಇಂಗ್ಲೆಂಡಿನಲ್ಲಿ 1908ರ ಕಾಯ್ದೆಯೊಂದು, ಜನ ಬೇಡಿಕೆಯಿಟ್ಟರೆ ತರಕಾರಿ ಬೆಳೆಯಲು ಸ್ಥಳೀಯ ಆಡಳಿತವೇ ಬಾಡಿಗೆಗೆ ಭೂಮಿ ಒದಗಿಸಬೇಕೆಂದು ಹೇಳಿತು. ಹಳೆಯ ಲೆಕ್ಕದ ಒಂದು ತುಂಡೆಂದರೆ ಸುಮಾರು 250 ಚದರ ಮೀಟರ್. ಮುಂಬಯಿಯ ಸ್ಲಂ ಪುನರ್ವಸತಿ ಯೋಜನೆಯಲ್ಲಿ 2008ರ ಬಳಿಕ ಹಲವು ವರ್ಷ ಒಂದು ಸಂಸಾರಕ್ಕೆ ಸಿಕ್ಕಿದ ಮನೆ 269 ಚದರ ಅಡಿ, ಅಂದರೆ 25 ಚದರ ಮೀಟರ್. ಅಲ್ಲಿ ಒಂದು ಮನೆಯ ಆಲೂಗಡ್ಡೆ-ಬೀನ್ಸಿಗೆ ಬೇಕಾಗುವ ಜಾಗದಲ್ಲಿ ಇಲ್ಲಿ ಹತ್ತು ಸಂಸಾರಗಳು ಬಾಳುತ್ತವೆ. ನಮ್ಮವರ ಪಾಲಿಗೆ ತೋಟವೆಂದರೆ ಚಾಳಿನ ಗ್ಯಾಲರಿ, ಕಿಟಕಿಯ ಗ್ರಿಲ್, ಬಿಲ್ಡಿಂಗಿನ ಹಿಂದೆ ಕಾಂಪೌಂಡಿಗೆ ತಾಗಿ ಉಳಿದ ಎರಡು ಮೊಳ ಅಗಲದ ನೆಲ. ಮತ್ತೆ ಟೆರೇಸು.

ಟೆರೇಸಿನ ವಿಷಯದಲ್ಲಿ ಮುಂಬಯಿ ಯಾರಿಗೂ ಹಿಂದೆ ಬಿದ್ದಿಲ್ಲ. ಬಾಂದ್ರಾದ ಡಾ. ಆರ್. ಟಿ. ದೋಶಿ ಅವರು ಮನೆಯ ಟೆರೇಸಿನಲ್ಲಿ ಕಬ್ಬಿನ ಸಿಪ್ಪೆ ಮತ್ತು ಅಡುಗೆಮನೆಯ ಕಸ ತುಂಬಿದ ಚೀಲ-ಡ್ರಮ್ಮುಗಳಲ್ಲಿ ತರಕಾರಿ, ಹಣ್ಣು ಬೆಳೆದು ತೋರಿಸಿದವರು. ಅವರಿಂದ ಪ್ರೇರಣೆ ಪಡೆದವರಲ್ಲಿ ಆಗ ಮುಂಬಯಿ ಪೋರ್ಟ್ ಟ್ರಸ್ಟಿನ ಕ್ಯಾಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಒಬ್ಬರು. ನೌಕರರಿಗೆ ದಿನವೂ ಅಡುಗೆ ಮಾಡುವ ಕೇಂದ್ರ ಅಡುಗೆಮನೆಯ ಹಸಿ ಕಸಕ್ಕೆ ದಾರಿ ಹುಡುಕುತ್ತ ಅವರು ಅದೇ ಕಟ್ಟಡದ ಸುಮಾರು 3,000 ಚದರ ಅಡಿಯ ಟೆರೇಸಿನಲ್ಲಿ 2002ರ ಸುಮಾರಿಗೆ ತೋಟ ಆರಂಭಿಸಿದರು. ಅಡುಗೆಯ ಕಸ ಮೇಲೆ ಹೋಗಿ ಮಣ್ಣಾಯಿತು, ಆ ಮಣ್ಣಿನಲ್ಲಿ ಸೊಪ್ಪು, ಟೊಮೆಟೊ, ಪೇರಳೆ, ಚಿಕ್ಕು ಬೆಳೆದವು. ಹೋಟೆಲ್ ಉದ್ಯಮದಲ್ಲಿರುವ ನಮ್ಮವರು ಈ ಉದಾಹರಣೆಯನ್ನು ಅಂದೇ ಗಮನಿಸಬೇಕಿತ್ತು. ದಿನಕ್ಕೆ ಡಬ್ಬಗಟ್ಟಲೆ ತರಕಾರಿ ಸಿಪ್ಪೆ ಹೊರಹಾಕುವವರು ನಾವಲ್ಲದೆ ಇನ್ಯಾರು?

ಕಬ್ಬಿನ ಸಿಪ್ಪೆಯ ಉಪಾಯದ ಹಿಂದೆ ಒಂದು ಸರಳ ಲೆಕ್ಕವಿದೆ. ಒಂದು ಘನ ಅಡಿ ಒದ್ದೆ ಮಣ್ಣು 45 ಕಿಲೋದಷ್ಟು ತೂಗುತ್ತದೆ. ಟೆರೇಸಿನ ತುಂಬ ಬರೀ ಮಣ್ಣು ಸುರಿದರೆ ಸ್ಲ್ಯಾಬಿನ ಗತಿಯೇನು? ಸಿಪ್ಪೆ, ಒಣಗಿದ ಎಲೆ, ತೆಂಗಿನ ನಾರಿನ ಪುಡಿ ಹಗುರ. ಕೊಳೆತಂತೆ ಗಿಡಕ್ಕೆ ಊಟವೂ ಆಗುತ್ತದೆ. ರಸ್ತೆ ಬದಿಯ ಕಬ್ಬಿನ ಹಾಲಿನ ಅಂಗಡಿಯವನು ಸಿಪ್ಪೆಯನ್ನು ಪುಕ್ಕಟೆಯಾಗಿ ಕೊಡುತ್ತಾನೆ, ಕೇಳಿದವರನ್ನು ವಿಚಿತ್ರವಾಗಿ ನೋಡುತ್ತಾನೆ ಎಂಬುದನ್ನು ಬಿಟ್ಟರೆ ತೊಂದರೆಯಿಲ್ಲ. ಇನ್ನೂ ಮುಂದೆ ಹೋಗುವವರಿಗೆ ಕೊಲ್ಲಾಪುರದ ಶ್ರೀಪಾದ ದಾಭೋಳ್ಕರ್ ಅವರ ಪ್ರಯೋಗಗಳ ದಾರಿಯಲ್ಲಿ ಬಂದ 'ಅಮೃತ್ ಮಿಟ್ಟಿ' ಇದೆ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಹಸಿ ಸೆಗಣಿ, ಒಂದು ಲೀಟರ್ ಗೋಮೂತ್ರ, 50 ಗ್ರಾಂ ಬೆಲ್ಲ ಕಲಸಿ ಮೂರು ದಿನ ಇಡುವುದು. ದಿನಕ್ಕೆ ಎರಡು-ಮೂರು ಸಲ ಕದಡುವುದು. ನಾಲ್ಕನೆಯ ದಿನ ಅದಕ್ಕೆ ಹತ್ತು ಪಾಲು ನೀರು ಸೇರಿಸಿ ಅದರಲ್ಲಿ ಒಣ ಎಲೆಯನ್ನು ನೆನೆಸಿ, ಪದರ ಪದರವಾಗಿ ಹೊಂದಿಸಿ ಮಣ್ಣು ಮಾಡುವುದು. ಜೋಗೇಶ್ವರಿ, ಗೋರೆಗಾಂವ್ ಕಡೆಯ ತಬೇಲಾಗಳು ಹತ್ತಿರವಿದ್ದವರಿಗೆ ಇದು ಸಾಧ್ಯ. ಏಳನೆಯ ಮಾಳಿಗೆಗೆ ಲಿಫ್ಟಿನಲ್ಲಿ ಗೋಮೂತ್ರದ ಕ್ಯಾನ್ ಒಯ್ಯುವಾಗ ನೆರೆಯವರ ಮುಖ ನೋಡುವ ಧೈರ್ಯ ಬೇಕು.

ಬಸಳೆಗೆ ಇಷ್ಟೆಲ್ಲ ಉಪಚಾರ ಬೇಡವೆಂಬುದೇ ಅದರ ದೊಡ್ಡ ಗುಣ. ಅಡುಗೆಗೆ ಎಲೆ ಕಿತ್ತ ಮೇಲೆ ಉಳಿದ ಬಲಿತ ದಂಟಿನಲ್ಲಿ ಮೂರು ಗಂಟು ಇರುವಂತೆ ತುಂಡು ಮಾಡಿ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ನೆಟ್ಟರೆ ಸಾಕು. ಒಂದಡಿ ಆಳದ ಕುಂಡ ಅಥವಾ ಹಳೆಯ ಪೇಂಟ್ ಡಬ್ಬ (ಚೆನ್ನಾಗಿ ತೊಳೆದದ್ದು), ತಳದಲ್ಲಿ ನೀರು ಹರಿಯಲು ತೂತು, ದಿನಕ್ಕೆ ನಾಲ್ಕೈದು ತಾಸು ಬಿಸಿಲು. ಬಟ್ಟೆ ಒಣಗಿಸುವ ಹಗ್ಗವೇ ಚಪ್ಪರ. ಹರಿವೆ ಬೀಜ ಎರಚಿದರೆ ತಿಂಗಳೊಳಗೆ ಕೀಳಲು ಬರುತ್ತದೆ. ಆದರೆ ಜೂನ್ ಮಧ್ಯದಲ್ಲಿ ಬಿತ್ತಿದರೆ ಮುಂಬಯಿ ಮಳೆ ಬೀಜವನ್ನು ಪೈಪಿನ ಮೂಲಕ ಗಟಾರಕ್ಕೆ ಒಯ್ಯುತ್ತದೆ. ಮೇ ಕೊನೆಗೇ ಬಿತ್ತಿ, ಮೊದಲ ಮಳೆಗೆ ಎರಡು ಎಲೆ ಬಂದಿರಬೇಕು. ಬಿಸಿಲು ಕಡಿಮೆ ಇರುವ ಕಿಟಕಿಗೆ ತಿಮರೆ, ಸಾಂಬ್ರಾಣಿ ಸೊಪ್ಪು ಒಗ್ಗುತ್ತವೆ. ಕೆಸುವಿಗೆ ಸದಾ ಒದ್ದೆ ಇರಬೇಕು, ಎಸಿಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಕುಂಡ ಇಟ್ಟರೆ ಅದಕ್ಕೆ ಸಂತೋಷ. ಮೆಂತೆ, ಕೊತ್ತಂಬರಿ, ಟೊಮೆಟೊ ಬೇಕಿದ್ದರೆ ನವೆಂಬರಿನವರೆಗೆ ಕಾಯಬೇಕು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಮಟ್ಟುಗುಳ್ಳದ ಬೀಜ ತಂದು ಹಾಕಿದರೆ ಗಿಡವೇನೋ ಬರುತ್ತದೆ, ಆ ರುಚಿಯನ್ನು ಮಾತ್ರ ಮಟ್ಟುವಿನ ಮಣ್ಣಿಗೇ ಬಿಟ್ಟುಬಿಡುವುದು ಒಳ್ಳೆಯದು. ಪಾರಿವಾಳಗಳ ಉಪದ್ರವಕ್ಕೆ ಬಲೆ ಕಟ್ಟುವುದೊಂದೇ ದಾರಿ.

ಇದರಿಂದ ತರಕಾರಿ ಖರ್ಚು ಉಳಿಯುತ್ತದೆಯೇ ಎಂದು ಕೇಳುವ ಯಜಮಾನರಿಗೆ ನೇರ ಉತ್ತರ: ಇಲ್ಲ. ಮೂರು ಕುಂಡದ ಬಸಳೆ ವಾರಕ್ಕೊಂದು ಪದಾರ್ಥಕ್ಕೆ ಸಾಕಾದರೆ ಹೆಚ್ಚು. ಲಾಭವಿರುವುದು ಪಾತ್ರೆಯಲ್ಲಿ. ಕಿತ್ತು ಹತ್ತು ನಿಮಿಷವಾಗದ ಬಸಳೆಯ ದಂಟನ್ನು ಮೊದಲು ಬೇಯಿಸಿ, ಅರ್ಧ ಬೆಂದ ಮೇಲೆ ಎಲೆ ಹಾಕಿ, ಮೊದಲೇ ಬೇಯಿಸಿಟ್ಟ ಹೆಸರುಕಾಳು ಅಥವಾ ಹುರುಳಿ ಸೇರಿಸಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಹುಳಿಯೊಂದಿಗೆ ತೆಂಗಿನಕಾಯಿ ರುಬ್ಬಿ ಕುದಿಸಿ, ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಆ ಗಸಿಯ ದಂಟು ಹಲ್ಲಿಗೆ ಸಿಕ್ಕೂ ಸಿಗದಂತಿರುತ್ತದೆ. ಎರಡು ದಿನ ಗಾಡಿಯಲ್ಲಿ ಬಾಡಿದ ಸೊಪ್ಪಿನಲ್ಲಿ ಅದು ನಾರಾಗುತ್ತದೆ. ಮಾಂಸಾಹಾರಿಗಳ ಮನೆಯಲ್ಲಿ ಕಾಳಿನ ಬದಲು ಒಣ ಸಿಗಡಿ ಬಿದ್ದರೆ ಆ ದಿನ ಇನ್ನೊಂದು ಪದಾರ್ಥ ಬೇಡ. ಪತ್ರೊಡೆಯ ವಿಷಯವೂ ಅಷ್ಟೇ. ಕೆಸುವಿನ ತುರಿಕೆಗೆ ಕಾರಣ ಎಲೆಯಲ್ಲಿರುವ ಸೂಜಿಯಂತಹ ಹರಳುಗಳು. ಹುಣಸೆಹುಳಿ ಧಾರಾಳವಾಗಿರಬೇಕು, ಹಬೆಯಲ್ಲಿ ಗಂಟೆ ಹೊತ್ತು ಬೇಯಬೇಕು. ಅವಸರದ ಪತ್ರೊಡೆ ತಿಂದು ಗಂಟಲು ಹಿಡಿದುಕೊಂಡವರು ಪ್ರತಿ ಸಂಘದಲ್ಲೂ ಒಬ್ಬರಾದರೂ ಇರುತ್ತಾರೆ.

ಮಕ್ಕಳ ವಿಷಯ ಬೇರೆ. ಇಲ್ಲೇ ಹುಟ್ಟಿ ಬೆಳೆದ ಮಗು ಅಂಗಡಿಯ ಸೊಪ್ಪನ್ನು ತಟ್ಟೆಯ ಬದಿಗೆ ಸರಿಸಿದರೂ, ತಾನು ನೀರು ಹಾಕಿದ ಹರಿವೆಯನ್ನು ಒಂದು ತುತ್ತಾದರೂ ತಿಂದು ನೋಡುತ್ತದೆ. ಆ ಗಿಡದ ಹೆಸರು ಅದಕ್ಕೆ ಅಜ್ಜಿ ಹೇಳಿದ ಭಾಷೆಯಲ್ಲೇ ನೆನಪಿರುತ್ತದೆ.

ಈ ಚಿಕ್ಕ ತೋಟಗಳಿಗೆ ಈಗ ಬಂದಿರುವ ಕುತ್ತು ಹುಳದ್ದಲ್ಲ, ಬುಲ್‌ಡೋಜರಿನದ್ದು. ಉಪನಗರಗಳ ಹಳೆಯ ಮೂರು-ನಾಲ್ಕು ಮಾಳಿಗೆಯ ಸೊಸೈಟಿಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಬಿಲ್ಡಿಂಗಿನ ಹಿಂದೆ ಇದ್ದ ನುಗ್ಗೆ, ಕರಿಬೇವು, ಬಸಳೆ ಚಪ್ಪರದ ಜಾಗ ಪಾರ್ಕಿಂಗಿಗೆ ಮೊದಲು ಹೋಗುತ್ತದೆ. ಹೊಸ ಮನೆಯ ಚದರ ಅಡಿಗಾಗಿ, ಕಾರ್ಪಸ್ ಹಣಕ್ಕಾಗಿ, ಬಾಡಿಗೆಗಾಗಿ ಸಭೆಯಲ್ಲಿ ಗಂಟೆಗಟ್ಟಲೆ ವಾದಿಸುವವರು ಟೆರೇಸಿನ ಬಗ್ಗೆ ಒಂದು ಮಾತೆತ್ತುವುದಿಲ್ಲ. ಗಿಡಕ್ಕೆಂದು ಬಿಟ್ಟ ಜಾಗದ ಗತಿ ಏನಾಗುತ್ತದೆ ಎಂಬುದಕ್ಕೆ 'ಫ್ಲವರ್ ಬೆಡ್' ಕಥೆಯೇ ಸಾಕ್ಷಿ. ಕಿಟಕಿಯ ಹೊರಗಿನ ಹೂಕುಂಡದ ಕಟ್ಟೆಯನ್ನು ಎಫ್‌ಎಸ್‌ಐ ಲೆಕ್ಕದಿಂದ ಹೊರಗಿಡಲಾಗಿತ್ತು. ಬಿಲ್ಡರುಗಳು ಅದನ್ನು ಕಟ್ಟಿದರು, ಕೊಂಡವರು ಗೋಡೆ ಒಡೆದು ಕೋಣೆಗೆ ಸೇರಿಸಿಕೊಂಡರು. 2012ರ ಜನವರಿಯಲ್ಲಿ ನಿಯಮ ಬದಲಾಗಿ ಅದೂ ಎಫ್‌ಎಸ್‌ಐ ಲೆಕ್ಕಕ್ಕೆ ಬಂತು. ಆ ಕಟ್ಟೆಗಳಲ್ಲಿ ಎಷ್ಟರಲ್ಲಿ ಹೂವು ಅರಳಿತ್ತೋ!

ಆದುದರಿಂದ ಮಾತಾಡಬೇಕಾದ ಹೊತ್ತು ಸಹಿ ಹಾಕುವ ಮೊದಲು. ಟೆರೇಸಿನ ಒಂದು ಮೂಲೆಯನ್ನು ಸದಸ್ಯರ ಗಿಡಗಳಿಗೆ ಮೀಸಲಿಡುವುದು, ಅಲ್ಲಿಗೊಂದು ನೀರಿನ ನಲ್ಲಿ, ಕುಂಡಗಳ ಭಾರ ತಡೆಯುವ ಸ್ಲ್ಯಾಬು, ನೀರು ಸೋರದಂತೆ ವಾಟರ್‌ಪ್ರೂಫಿಂಗ್ ಇವನ್ನು ಕರಾರಿನಲ್ಲೇ ಬರೆಸಿಕೊಂಡರೆ ಬಿಲ್ಡರಿಗೆ ದೊಡ್ಡ ಹೊರೆಯಲ್ಲ. ಮನೆ ಸಿಕ್ಕಿದ ಮೇಲೆ ಕೇಳಿದರೆ ಕೆಳಗಿನ ಮಾಳಿಗೆಯವರ ಸೀಲಿಂಗಿನ ಒದ್ದೆ ಕಲೆಯೇ ಉತ್ತರವಾಗಿ ಬರುತ್ತದೆ. ಸ್ವಂತ ಕಟ್ಟಡವಿರುವ ನಮ್ಮ ಸಂಘ-ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ. ಟೆರೇಸಿನಲ್ಲಿ ಮುರಿದ ಕುರ್ಚಿ, ಹಳೆಯ ಬ್ಯಾನರುಗಳಿಗೆ ಇರುವ ಜಾಗ ಇಪ್ಪತ್ತು ಕುಂಡಗಳಿಗೆ ಇಲ್ಲವೇ?

ಮೇ ಕೊನೆಗೆ ನೆಟ್ಟ ಬಸಳೆ ಜುಲೈ ಮಧ್ಯಕ್ಕೆ, ಅಂದರೆ ಸರಿಯಾಗಿ ಆಟಿಗೆ ಕೊಯ್ಲಿಗೆ ಬರುತ್ತದೆ. ಬುಡದಿಂದ ಒಂದು ಗೇಣು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಕಾರ್ಯಕ್ರಮದ ದಿನ ಗಸಿಯ ಪಾತ್ರೆಯ ಪಕ್ಕದಲ್ಲಿ ದಂಟಿನ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ, ಊಟ ಮುಗಿಸಿ ಡೊಂಬಿವಲಿಗೋ ಮೀರಾರೋಡಿಗೋ ಹೊರಟವರು ಒಂದೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಆ ದಂಟು ಬಾಡುವುದಿಲ್ಲ.