ಟಾರ್ಪಾಲಿನಡಿಯ ಅಂಬಾಸಿಡರ್: ಇಟ್ಟುಕೊಳ್ಳುವುದೋ, ಬಿಡುವುದೋ?

ಉಳ್ಳಾಲದಿಂದ ಉಪ್ಪಿನಂಗಡಿಯವರೆಗೆ, ಫರಂಗಿಪೇಟೆಯಿಂದ ಕಾಪುವರೆಗೆ ಯಾವ ಊರಿಗೆ ಹೋದರೂ ಒಂದೆರಡು ಮನೆಗಳ ಹಿಂದೆ ಈ ದೃಶ್ಯ ಉಂಟು. ತೆಂಗಿನ ಮರದ ಬುಡದಲ್ಲೋ, ಹಳೆಯ ಕೊಟ್ಟಿಗೆಯ ಮಾಡಿನಡಿಯಲ್ಲೋ ನೀಲಿ ಟಾರ್ಪಾಲು ಹೊದ್ದುಕೊಂಡು ನಿಂತ ಒಂದು ಅಂಬಾಸಿಡರ್, ಇಲ್ಲವೇ ಒಂದು ಫಿಯೆಟ್. ನಾಲ್ಕೂ ಟಯರ್ ಗಾಳಿ ಇಲ್ಲದೆ ನೆಲಕ್ಕೆ ಕೂತಿರುತ್ತವೆ. ಡಿಕ್ಕಿಯ ಮೇಲೆ ಕೋಳಿ ಮಲಗಿರುತ್ತದೆ. ಯಾರದ್ದು ಎಂದು ಕೇಳಿದರೆ, "ಅದು ಉಪ್ಪನ ಕಾರು, ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ" ಅನ್ನುತ್ತಾರೆ. ಸರಿ, ಕೊಡುವುದು ಬೇಡ. ಆದರೆ ಇಟ್ಟುಕೊಂಡದ್ದಾದರೂ ಹೌದಾ? ನಮ್ಮ ಕರಾವಳಿಯ ಮಳೆಗೆ ಟಾರ್ಪಾಲು ಹೊದೆಸಿ ಬಿಟ್ಟ ಕಾರು ಉಳಿದ ಕಾರಲ್ಲ, ನಿಧಾನವಾಗಿ ಹೋಗುತ್ತಿರುವ ಕಾರು.

ಈಗ ಹಳೆಯ ಕಾರು ಇಟ್ಟುಕೊಳ್ಳುವುದು ಒಂದು ಹವ್ಯಾಸವಾಗಿದೆ. ಊರಿಗೆ ರಜೆಯಲ್ಲಿ ಬರುವ ಹುಡುಗರು ಮೊಬೈಲಿನಲ್ಲಿ ಹುಡುಕಿ ಹುಡುಕಿ ಮೂವತ್ತು ನಲ್ವತ್ತು ವರ್ಷ ಹಿಂದಿನ ಗಾಡಿ ಕೊಳ್ಳುತ್ತಾರೆ. ದೊಡ್ಡವರಿಗೆ ಇದು ದುಡ್ಡು ಹೆಚ್ಚಾದವರ ಆಟ ಅನ್ನಿಸಬಹುದು. ಹಾಗೇನೂ ಅಲ್ಲ. ಲೆಕ್ಕ ಗೊತ್ತಿದ್ದವನಿಗೆ ಹೊಸ ಕಾರಿನ ಒಂದು ವರ್ಷದ ಕಂತಿಗಿಂತ ಕಡಿಮೆ ಖರ್ಚಿನಲ್ಲಿ ಒಂದು ಹಳೆಯ ಮಾರುತಿ 800 ಓಡಿಸಿಕೊಂಡು ಇರಲಿಕ್ಕೆ ಆಗುತ್ತದೆ. ಲೆಕ್ಕ ಗೊತ್ತಿಲ್ಲದವನಿಗೆ ಮಾತ್ರ ಇದು ತೂತು ಬಿದ್ದ ಕೊಡಪಾನ.

ಅಂಬಾಸಿಡರ್ ಮೇಲೆ ನಮ್ಮವರಿಗೆ ಇರುವ ಪ್ರೀತಿಗೆ ಕಾರಣ ಉಂಟು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪೆನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಇದನ್ನು ಮಾಡಲು ಶುರು ಮಾಡಿತು, 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಅದೇ ರೂಪ. ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿಗೆ ಹೊರಟವರು ಮುಂಬೈಗೆ ಹೋಗಬೇಕಿತ್ತು, ಆಮೇಲೆ ಕರಿಪುರ ವಿಮಾನ ನಿಲ್ದಾಣವೂ ಸಿಕ್ಕಿತು. ಕರಿಪುರಕ್ಕೆ ಕರೆದುಕೊಂಡು ಬರಲಿಕ್ಕೆ ಮನೆಮಂದಿ ಎಲ್ಲ ಹೊರಡುತ್ತಿದ್ದದ್ದು ಅಂಬಾಸಿಡರಿನಲ್ಲೇ. ಹೋಗುವಾಗ ಏಳು ಜನ, ಬರುವಾಗ ಎಂಟು ಜನ, ಮೇಲೆ ಕ್ಯಾರಿಯರಿನಲ್ಲಿ ಹಗ್ಗ ಬಿಗಿದ ಪೆಟ್ಟಿಗೆಗಳು. ಮದುವೆಗೆ ಅದೇ, ಹೆರಿಗೆಗೆ ಅದೇ. ಹಳ್ಳಿ ದಾರಿಯ ಸರ್ವಿಸ್ ಕಾರಂತೂ ಡ್ರೈವರಿನ ಬಲಬದಿಗೂ ಒಬ್ಬನನ್ನು ಕೂರಿಸಿಕೊಂಡು ಓಡುತ್ತಿತ್ತು!

ಪ್ರೀತಿಯ ಮಾತು ಅಲ್ಲಿಗೆ ಇರಲಿ, ಕಾಗದದ ಮಾತಿಗೆ ಬರುವ. ಈ ಹವ್ಯಾಸದಲ್ಲಿ ಎಂಜಿನ್‌ಗಿಂತ ಮೊದಲು ಕೆಡುವುದು ಆರ್‌ಸಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿಯನ್ನು ಆರ್‌ಟಿಒ ಮುಂದೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದೆ ಇದಕ್ಕೆ 600 ರೂಪಾಯಿ ಶುಲ್ಕ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 20 ವರ್ಷ ದಾಟಿದ ಕಾರುಗಳಿಗೆ 10,000 ಎಂದು ಮಾಡಿತು. ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡವೂ ಬೀಳುತ್ತದೆ. ಹತ್ತು ವರ್ಷ ಆರ್‌ಸಿ ಸತ್ತ ಕಾರನ್ನು "ಕಡಿಮೆಗೆ ಸಿಕ್ಕಿತು" ಎಂದು ತಂದವನ ಲಾಭವೆಲ್ಲ ಇಲ್ಲೇ ಮುಗಿಯುತ್ತದೆ.

ಮನೆಯ ಕಾರಿನ ತೊಂದರೆ ಇನ್ನೊಂದು ಬಗೆಯದ್ದು. ಆರ್‌ಸಿ ಉಪ್ಪನ ಹೆಸರಿನಲ್ಲಿ, ಉಪ್ಪ ತೀರಿಹೋಗಿ ಹದಿನೈದು ವರ್ಷ. ಮಾಲೀಕ ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ಹೆಸರು ಬದಲಾಯಿಸಬೇಕು ಎಂದು ನಿಯಮ ಉಂಟು. ಜಾಗ ಮನೆಗಳ ಪಾಲು ಮಾಡುವಾಗ ಕಾರಿನ ನೆನಪು ಯಾರಿಗೂ ಬರುವುದಿಲ್ಲ. ಆದರೆ ಕಾರೂ ಸೊತ್ತೇ ತಾನೆ? ಒಬ್ಬ ಮಗ ಜುಬೈಲಿನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ಅವರ ಒಪ್ಪಿಗೆಯೂ ಬೇಕು, ಅವರ ಪಾಲೂ ಉಂಟು. ಎಲ್ಲರೂ ರಜೆಗೆ ಬಂದು ಸೇರುವ ಸಮಯದಲ್ಲಿ ಉಮ್ಮನ ಮುಂದೆ ಕೂತು, ಯಾರ ಹೆಸರಿಗೆ ಎಂದು ಮಾತಾಡಿ ಸಹಿ ಹಾಕಿಸಿಕೊಳ್ಳುವುದು ಒಂದು ದಿನದ ಕೆಲಸ. ಆ ದಿನವನ್ನು ಮುಂದೆ ಹಾಕುತ್ತಾ ಹೋದ ಮನೆಗಳಲ್ಲೇ ಟಾರ್ಪಾಲು ಕಾಣುವುದು.

50 ವರ್ಷ ದಾಟಿದ ಗಾಡಿಗೆ ಮಾತ್ರ ಬೇರೆ ದಾರಿ ಉಂಟು. 2021ರ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಿ ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಪಡೆಯಬಹುದು. ಶುಲ್ಕ 20,000, ಹತ್ತು ವರ್ಷಕ್ಕೆ. ನವೀಕರಣಕ್ಕೆ 5,000. ಆದರೆ ಆ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆ. ಚಾಸಿಸ್, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ನಮ್ಮಲ್ಲಿ ಟ್ಯಾಕ್ಸಿಗೆ ಬಿಡುವಾಗ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಅಂಬಾಸಿಡರ್‌ಗಳು ಎಷ್ಟಿಲ್ಲ! ಅವು ಈ ಪಟ್ಟಿಗೆ ಸೇರುವುದು ಕಷ್ಟ. ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಮಾಮೂಲಿ ನವೀಕರಣಕ್ಕೂ ತೊಡಕೇ.

ಹೊಸದಾಗಿ ಕೊಳ್ಳುವವರು ಯಾವುದನ್ನು ಕೊಳ್ಳಬೇಕು? ಮೊದಲ ಸಲವಾದರೆ ನನ್ನ ಮತ ಮಾರುತಿ 800ಕ್ಕೆ. 1983ರ ಡಿಸೆಂಬರಿನಲ್ಲಿ ಬಂದು 2014ರವರೆಗೆ ತಯಾರಾದ ಕಾರು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಯಾವ ಗ್ಯಾರೇಜಿನವನಿಗೂ ಗೊತ್ತು, ಸ್ಪೇರ್‌ಗೆ ಅಲೆಯಬೇಕಾಗಿಲ್ಲ. 1986ಕ್ಕೆ ಮೊದಲಿನ ಚೌಕ ಮೂತಿಯದ್ದು ಸಿಕ್ಕಿದರೆ ಬಿಡಬೇಡಿ. ಫಿಯೆಟ್ ಎಂದು ನಾವು ಕರೆಯುವ ಪ್ರೀಮಿಯರ್ ಪದ್ಮಿನಿ ನೋಡಲಿಕ್ಕೆ ಚಂದ, ಸ್ಟೇರಿಂಗ್ ಕೆಳಗಿನ ಹ್ಯಾಂಡ್ ಗೇರ್ ಕಲಿತರೆ ಓಡಿಸಲಿಕ್ಕೂ ಖುಷಿ. ಆದರೆ ಅದು ನಿಂತು ಇಪ್ಪತ್ತೈದು ವರ್ಷ ಆಗುತ್ತಾ ಬಂತು. ಮುಂಬೈಯ ಕಾಳಿ-ಪೀಲಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಸ್ಪೇರ್ ಹುಡುಕುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ಜೀಪಿನ ವಿಷಯ ಘಟ್ಟದ ಬುಡದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನೋಡಲಿಕ್ಕೆ ಹೋಗುವಾಗ ಬೋನೆಟ್ ಎತ್ತುವ ಮೊದಲು ನೆಲಕ್ಕೆ ಬಾಗಿ. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆಯೇ ಚಾಸಿಸ್ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಕಾಲಿಡುವ ತಳ, ಜಾಕ್ ಕೊಡುವ ಜಾಗ, ಡಿಕ್ಕಿಯೊಳಗೆ ಸ್ಟೆಪ್ನಿ ಇಡುವ ಗುಂಡಿ, ಇಷ್ಟನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಲೋಹ, ದಬ್ ಅಂದರೆ ಪುಟ್ಟಿ. ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ. ಮಡ್‌ಗಾರ್ಡಿನ ಅಂಚಿಗೆ ಹಿಡಿದಾಗ ಅಂಟದಿದ್ದರೆ ಪೈಂಟಿನ ಕೆಳಗೆ ತಗಡು ಇಲ್ಲ ಎಂದು ಅರ್ಥ. ಎಂಜಿನ್ ಬೋರು ಮಾಡಿಸುವುದಕ್ಕೆ ಒಂದು ಲೆಕ್ಕ ಹೇಳಬಹುದು. ಟಿಂಕರಿಂಗ್ ಕೆಲಸಕ್ಕೆ ಲೆಕ್ಕ ಹೇಳುವವರು ಯಾರೂ ಇಲ್ಲ, ಬಿಚ್ಚಿದಷ್ಟೂ ಹೆಚ್ಚುತ್ತಾ ಹೋಗುತ್ತದೆ. ಹಾಗಾಗಿ ಎಂಜಿನ್ ಹೊಗೆ ಬಿಡುವ, ಆದರೆ ಬಾಡಿ ಗಟ್ಟಿ ಇರುವ ಕಾರು ಮೇಲು. ಪಳಪಳ ಪೈಂಟ್ ಹೊಡೆದು ಮಾರಲಿಕ್ಕೆ ಇಟ್ಟದ್ದಕ್ಕೆ ಹೆದರಬೇಕು. ಚಾಸಿಸ್ ನಂಬರನ್ನು ಆರ್‌ಸಿಗೆ ಹಿಡಿದು ಅಕ್ಷರ ಅಕ್ಷರ ನೋಡಿ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಎನ್‌ಒಸಿ ಕೈಗೆ ಬಾರದೆ ದುಡ್ಡು ಕೊಡಬೇಡಿ.

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಉಳಿದ ತಿಂಗಳು ಉಪ್ಪುಗಾಳಿ. ಇಂಥಲ್ಲಿ ಟಾರ್ಪಾಲು ಹೊದೆಸಿದರೆ ಒಳಗೆ ಹಬೆ ಕಟ್ಟುತ್ತದೆ, ಹೊರಗಿನ ನೀರಿಗಿಂತ ಅದೇ ಹೆಚ್ಚು ಕೆಡುಕು. ಮಾಡು ಬೇಕು, ಆದರೆ ನಾಲ್ಕೂ ಕಡೆ ಗಾಳಿ ಆಡಬೇಕು. ಕೆಳಗೆ ಮಣ್ಣಿನ ನೆಲ ಬೇಡ. ಮಳೆಗಾಲಕ್ಕೆ ಮೊದಲು ಅಡಿಗೆ ಅಂಡರ್‌ಕೋಟಿಂಗ್, ಬಾಗಿಲ ಕೆಳಗಿನ ನೀರು ಇಳಿಯುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸುವುದು. ಈ ಎರಡನೆಯದ್ದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಆಮೇಲೆ ಓಡಿಸಬೇಕು. ನಿಂತ ಕಾರಿನ ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಇಲಿ ವಯರ್ ಕಡಿಯುತ್ತದೆ. ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಸೈಲೆನ್ಸರಿನಲ್ಲಿ ನೀರು ತುಂಬುವುದು ಬಿಟ್ಟರೆ ಬೇರೆ ಪ್ರಯೋಜನ ಇಲ್ಲ. ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿ.ಮೀ. ಓಡಿ ಎಂಜಿನ್ ಚೆನ್ನಾಗಿ ಕಾಯಬೇಕು.

ಪೆಟ್ರೋಲಿನದ್ದೇ ಈಗ ದೊಡ್ಡ ತಲೆನೋವು. ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಅದಕ್ಕೆಂದೇ ಮಾಡಿದ ಹಳೆಯ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಜಾಗ ಸವೆಯಲು ಶುರುವಾಯಿತು. ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರೆ ಆ ಕತೆ ಮುಗಿಯಿತು. ಈಗ ಬಂದಿರುವುದು ಶೇ. 20 ಎಥೆನಾಲ್ ಬೆರೆತ ಇ20. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ತೇವದ ಹವೆಗೆ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳಕ್ಕೆ ನೀರು ಇಳಿದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಮೆತ್ತಗಾಗಿ ಬಿರಿಯುತ್ತವೆ. ಬಿರುಕು ಬಿಟ್ಟ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರು ಮಾತ್ರ ಅಲ್ಲ, ಒಳಗಿದ್ದವರೂ ಹೋಗುತ್ತಾರೆ. ಎಥೆನಾಲ್ ತಡೆಯುವ ಪೈಪುಗಳು ಅಂಗಡಿಯಲ್ಲಿ ಸಿಗುತ್ತವೆ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಎಲ್ಲವನ್ನೂ ಬದಲಾಯಿಸಿ, ಒಂದು ಫಿಲ್ಟರ್ ಹಾಕಿಸಿ. ಗಾಡಿಯಲ್ಲಿ ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಒಂದು ಇರಲಿ. ಕ್ರೋಮ್ ಬಂಪರಿಗೆ ಹಾಕುವ ದುಡ್ಡನ್ನು ಮೊದಲು ಇದಕ್ಕೆ ಹಾಕಬೇಕು ಎಂದು ನಾನು ಹೇಳುವುದು.

ಕೈಗಳ ವಿಷಯ ಎಲ್ಲಕ್ಕಿಂತ ಗಂಭೀರ. ಪಾಯಿಂಟ್ ತಿಕ್ಕಿ ಗ್ಯಾಪ್ ಇಡುವುದು, ಕಿವಿ ಕೊಟ್ಟು ಟ್ಯಾಪೆಟ್ ಹೊಂದಿಸುವುದು, ಡೈನಮೋ ಬಿಚ್ಚಿ ಕಾರ್ಬನ್ ಹಾಕುವುದು ಗೊತ್ತಿದ್ದ ಮೇಸ್ತ್ರಿಗಳಿಗೆ ಈಗ ಎಪ್ಪತ್ತರ ಹತ್ತಿರ ಪ್ರಾಯ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕಿ ಕಲಿತ ಹುಡುಗರಿಗೆ ಈ ಕಾರುಗಳಲ್ಲಿ ಜೋಡಿಸಲಿಕ್ಕೆ ಜಾಗವೇ ಇಲ್ಲ. ನಿಮ್ಮ ಊರಿನಲ್ಲಿ ಅಂಥ ಒಬ್ಬರು ಇದ್ದರೆ, ಮನೆಯ ಹುಡುಗನನ್ನು ಭಾನುವಾರ ಅವರ ಹತ್ತಿರ ಕೂರಿಸಿ. "ಎಂತ ಮೋನು, ಕೈಗೆ ಗ್ರೀಸ್ ಆಗ್ತದೆ ಅಂತ ಹೆದರಿಕೆಯಾ?" ಎಂದು ಬೈಸಿಕೊಂಡೇ ಕಲಿಯಲಿ. ಗ್ರೀಸ್ ಹೊಡೆಯುವ ಒಂದೊಂದು ನಿಪ್ಪಲ್ ಎಲ್ಲಿ ಉಂಟೆಂದು ಮೊಬೈಲಿನಲ್ಲಿ ವೀಡಿಯೊ ತೆಗೆದಿಟ್ಟುಕೊಳ್ಳಲಿ. ಮುಂದಿನ ಹತ್ತು ವರ್ಷದಲ್ಲಿ ಅದರ ಬೆಲೆ ಸ್ಪೇರ್ ಪಾರ್ಟ್ಸಿಗಿಂತ ಹೆಚ್ಚಾಗುತ್ತದೆ.

ಇಷ್ಟೆಲ್ಲ ಪಾಡು ಪಟ್ಟು ಸಿಗುವುದೇನು? ಸುಬಹಿ ಮುಗಿಸಿ, ರಸ್ತೆ ಖಾಲಿ ಇರುವಾಗ ಗಂಟೆಗೆ ಐವತ್ತರಲ್ಲಿ ಕಿಟಕಿ ಇಳಿಸಿ ಹೋಗುವ ಸುಖ. ಮಂಡಿ ನೋವಿನ ಹಿರಿಯರು ಈಗಿನ ತಗ್ಗು ಕಾರುಗಳಿಗೆ ಬಗ್ಗಿ ಹತ್ತಲಾರರು. ಅಂಬಾಸಿಡರಿನ ಎತ್ತರದ ಸೋಫಾ ಸೀಟಿಗೆ ಉಮ್ಮ ತಾವೇ ಹತ್ತಿ ಕೂರುತ್ತಾರೆ. ಮಕ್ಕಳಿಗೆ ಹಳೆಯ ಕಾರುಗಳನ್ನು ತೋರಿಸಬೇಕೆಂದಿದ್ದರೆ ಧರ್ಮಸ್ಥಳದ ಕಾರು ಸಂಗ್ರಹಾಲಯ ನಮಗೆ ಹತ್ತಿರವೇ. ಮೈಸೂರು ಕಡೆ ಹೋಗುವವರಿಗೆ ಶ್ರೀರಂಗಪಟ್ಟಣದ ಬಳಿಯ 'ಪಯಣ'ವೂ ಉಂಟು. ನಿಮ್ಮ ಗಾಡಿಯಲ್ಲೇ ಘಟ್ಟ ಹತ್ತುವುದಾದರೆ ರೇಡಿಯೇಟರ್, ಫ್ಯಾನ್ ಬೆಲ್ಟ್ ನೋಡಿಕೊಂಡು, ಒಂದು ಕ್ಯಾನ್ ನೀರು ಇಟ್ಟುಕೊಂಡು ಹೊರಡಿ. ಇಳಿಯುವಾಗ ನಾಲ್ಕೂ ಕಡೆ ಡ್ರಮ್ ಬ್ರೇಕ್ ಎಂಬುದು ನೆನಪಿರಲಿ, ಗೇರಿನಲ್ಲೇ ಇಳಿಸಿ. ಥರ್ಡ್ ಪಾರ್ಟಿ ವಿಮೆ, ಹೊಗೆ ತಪಾಸಣೆ ಚೀಟಿ ಹಳೆಯ ಕಾರಿಗೂ ಬೇಕೇ ಬೇಕು. ಪೂರ್ತಿ ವಿಮೆ ಮಾಡಿಸುವವರು ಕಾರಿನ ಫೋಟೊ, ರಿಪೇರಿ ಬಿಲ್ಲು ಹಿಡಿದು ಹೋಗಿ ಮೌಲ್ಯ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಬೇಕು. ಐದು ವರ್ಷ ದಾಟಿದ ಗಾಡಿಯ ಬೆಲೆ ಕಟ್ಟುವುದು ಎರಡೂ ಕಡೆಯವರ ಒಪ್ಪಿಗೆಯಿಂದಲೇ.

ಇನ್ನು, ಟಾರ್ಪಾಲು ಸರಿಸಿ ನೋಡಿದಾಗ ತಳವೇ ಉಳಿದಿಲ್ಲ ಎಂದಾದರೆ, ಎಂಜಿನ್, ಗೇರ್ ಬಾಕ್ಸ್, ಗ್ಲಾಸು, ಲಾಂಛನದಂಥ ಒಳ್ಳೆಯ ಸ್ಪೇರ್‌ಗಳಿಗೆ ಕಾಯುತ್ತಿರುವ ಇನ್ನೊಂದು ಅಂಬಾಸಿಡರಿನವನು ಎಲ್ಲೋ ಇದ್ದಾನೆ, ಅವನಿಗೆ ಕೊಡಿ. ಉಳಿದದ್ದು ಗುಜರಿಗೆ ಹೋಗಲಿ. ಆದರೆ ಕಾರು ಗುಜರಿಗೆ ಹೋಗಿ ಆರ್‌ಸಿ ಮನೆಯ ಕಪಾಟಿನಲ್ಲಿ ಉಳಿಯಬಾರದು. ಗಾಡಿ ಒಡೆದ ಮೇಲೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಒಪ್ಪಿಸಿ ರದ್ದು ಮಾಡಿಸಬೇಕು. ಇಲ್ಲದಿದ್ದರೆ ಆ ನಂಬರು ಬೇರೆ ಯಾವುದೋ ಗಾಡಿಗೆ ಅಂಟಿಕೊಂಡು ಓಡಾಡಿದರೆ, ಪೊಲೀಸರು ಹುಡುಕಿಕೊಂಡು ಬರುವುದು ಉಪ್ಪನ ಹೆಸರಿನ ಮನೆಗೆ.