ಪುಟ್ಟಿ ಮೆತ್ತುವ ಮೊದಲು

ಮನೆ ಮಾರಬೇಕು ಅಂದ ಕೂಡಲೇ ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿಸಿ, ಆಮೇಲೆ ಗಿರಾಕಿಯನ್ನು ಕರೆಯುವುದು ಯಾದಗಿರಿ, ಶಹಾಪುರ, ಸುರಪುರದಲ್ಲೂ ರೂಢಿ. ಕಸ ತೆಗೆದು, ಫರಸಿ ತೊಳೆದು, ಕಿಟಕಿ ತೆರೆದಿಡುವುದು ಸರಿಯೇ. ನೋಡಲು ಬಂದವರಿಗೆ ಅದು ಕೊಡುವ ಮರ್ಯಾದೆ. ಪುಟ್ಟಿಗೆ ಸುರಿಯುವ ಹಣ ಮಾತ್ರ ಈ ನೆಲದಲ್ಲಿ ಬಹುಪಾಲು ವ್ಯರ್ಥ. ಇಲ್ಲಿನ ಎಷ್ಟೋ ಊರುಗಳು ಎರೆಮಣ್ಣಿನ ಮೇಲಿವೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ. ಪಾಯ ಗಟ್ಟಿ ನೆಲ ಮುಟ್ಟದಿದ್ದರೆ ಗೋಡೆಯೂ ಅದರೊಡನೆ ಏಳುತ್ತ ಇಳಿಯುತ್ತ ಸೀಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ ನೆಲದ ತೇವ ಮಳೆಗಾಲಕ್ಕಷ್ಟೇ ನಿಲ್ಲುವುದೂ ಇಲ್ಲ. ಮುಚ್ಚಿದ ಬಿರುಕು ಋತು ತಿರುಗಿದಾಗ ಮತ್ತೆ ಅದೇ ಜಾಗದಲ್ಲಿ ಬಿಡುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣು ಸರಿದು ಸೋರಿದ ನೀರು ಜಂತಿಯ ತುದಿಯನ್ನು ಕೊಳೆಸಿರುತ್ತದೆ. ಅದಕ್ಕೆ ಬಣ್ಣ ಮದ್ದಲ್ಲ. ಮೊದಲು ಬರಬೇಕಾದವನು ಗೌಂಡಿ.

ದೋಷ ಹೇಳಿದರೆ ಬೆಲೆ ಬೀಳುವುದಿಲ್ಲವೇ ಎಂಬ ಆತಂಕ ಸಹಜ. ಸ್ವಲ್ಪ ಬೀಳುತ್ತದೆ, ನಿಜ. ಆದರೆ ಗೌಂಡಿ ನೋಡಿ ಹೇಳಿದ ರಿಪೇರಿ ಖರ್ಚಿಗೆ ಒಂದು ಲೆಕ್ಕವಿದೆ. ಹಸಿ ಪುಟ್ಟಿ ಕಂಡ ಗಿರಾಕಿಯ ಅನುಮಾನಕ್ಕೆ ಲೆಕ್ಕವಿಲ್ಲ, ಅವನು ಅದಕ್ಕಿಂತ ಹೆಚ್ಚೇ ಮುರಿದುಕೊಳ್ಳುತ್ತಾನೆ. ಕಾನೂನೂ ಹೇಳುವವನ ಪರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಆ ಮಾತು ಗೋಡೆಗಷ್ಟೇ ಅಲ್ಲ, ಹಕ್ಕಿನ ದೋಷಕ್ಕೂ ಅನ್ವಯಿಸುತ್ತದೆ. ಮುಚ್ಚಿಟ್ಟರೆ ಕಾಯ್ದೆ ಅದನ್ನು ವಂಚನೆ ಎಂದೇ ಎಣಿಸುತ್ತದೆ.

ಹಕ್ಕಿನ ದೋಷವೇ ನಮ್ಮಲ್ಲಿ ಹೆಚ್ಚು ವ್ಯವಹಾರ ಮುರಿಯುವುದು ಎಂದು ನನ್ನ ನಂಬಿಕೆ. ಅಜ್ಜನ ಹೆಸರಲ್ಲೇ ಉಳಿದ ಖಾತೆ, ಬಾಯಿಮಾತಿನ ವಾಟ್ನಿ, ಸಹಿ ಕೇಳದೇ ಬಿಟ್ಟ ಹೆಣ್ಣುಮಕ್ಕಳು. ಪಿತ್ರಾರ್ಜಿತ ಮನೆಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಅಕ್ಕ-ತಂಗಿಯರನ್ನು ಕೇಳಿದರೆ ಇಲ್ಲದ ತಕರಾರು ಏಳುತ್ತದೆ ಅನ್ನುವವರಿದ್ದಾರೆ. ತಕರಾರು ಏಳಬಹುದು, ಆದರೆ ಅದು ಇಲ್ಲದ್ದಲ್ಲ, ಇದ್ದದ್ದೇ. ಇಸಾರ ತಗೊಂಡ ಮೇಲೆ ಎದ್ದರೆ ಹಣ ಹಿಂದಿರುಗಿಸಬೇಕು, ಕೋರ್ಟು ಅಲೆಯಬೇಕು. ಅವರ ಪಾಲು ಅವರಿಗೆ ಸಲ್ಲಬೇಕಾದದ್ದು ನ್ಯಾಯವೂ ಹೌದು.

ಆದ್ದರಿಂದ ಮನೆ ತೋರಿಸುವ ದಿನ ಪಡಸಾಲೆಯಲ್ಲಿ ಇ-ಖಾತಾ, ಋಣಭಾರ ಪತ್ರ, ತೆರಿಗೆ ರಸೀದಿ, ವಂಶವೃಕ್ಷ ಸಿದ್ಧವಿರಲಿ. ಗಿರಾಕಿ ಬ್ಯಾಂಕ್ ಸಾಲ ತೆಗೆಯುವವನಾದರೆ ಬ್ಯಾಂಕಿನ ವಕೀಲರು ಹೇಗೂ ಕೇಳುತ್ತಾರೆ. ಈ ಜಿಲ್ಲೆಯಿಂದ ಬೆಂಗಳೂರು, ಮುಂಬೈ, ಪುಣೆಗೆ ದುಡಿಯಲು ಹೋದ ಕುಟುಂಬಗಳು ಬಹಳ. ಸಹಿ ಹಾಕಬೇಕಾದವರು ಅಲ್ಲಿದ್ದರೆ ಸಂಕ್ರಾಂತಿಯ ಮೈಲಾಪುರ ಜಾತ್ರೆಗೆ ಊರಿಗೆ ಬಂದಾಗಲೇ ಕೂತು ಮಾತಾಡಿ, ಪಾಲು ಬರೆದುಕೊಂಡು, ಆಮೇಲೆ ಮನೆಯನ್ನು ಮಾರಾಟಕ್ಕಿಡಬೇಕು.